ಮಂಜಿನ ಮರೆಯಲ್ಲಿದ್ದ ರಾಜಧಾನಿ

ಎರಡನೆಯ ಮಹಾಯುದ್ಧದ ಕಾಲದ ವೃತ್ತಪತ್ರಿಕೆಗಳ ಹಳೆಯ ಕಟ್ಟುಗಳನ್ನು ಬಿಚ್ಚಿ ನೋಡುವವರಿಗೆ ಚುಂಗ್‌ಕಿಂಗ್ ಎಂಬ ಊರಿನ ಹೆಸರು ಮೇಲಿಂದ ಮೇಲೆ ಎದುರಾಗುವುದು. ಚೀನಾದೇಶದ ಸರ್ಕಾರವು ತನ್ನ ಕಡಲತಡಿಯ ಪಟ್ಟಣಗಳನ್ನು ಒಂದೊಂದಾಗಿ ಜಪಾನೀಯರಿಗೆ ಕಳೆದುಕೊಂಡು, ಸಮುದ್ರದಿಂದ ಬಹುದೂರ ಒಳನಾಡಿಗೆ ಸರಿದು, ಅಲ್ಲಿ ನೆಲೆನಿಂತು ಯುದ್ಧವನ್ನು ಕೊನೆಯವರೆಗೆ ನಡೆಯಿಸಿದ ಊರು ಅದು. ಇಂದಿನ ಉಚ್ಚಾರಣೆಯಂತೆ ಅದನ್ನು ಚೊಂಗ್‌ಚಿಂಗ್ ಎಂದು ಬರೆಯುವರು. ಆ ದೇಶದವರು ಅದಕ್ಕೆ ಇಟ್ಟುಕೊಂಡಿರುವ ಅಡ್ಡಹೆಸರುಗಳು ಎರಡು: ಬೆಟ್ಟದ ಊರು ಎಂಬುದೊಂದು, ಮಂಜಿನ ರಾಜಧಾನಿ ಎಂಬುದು ಇನ್ನೊಂದು. ನಾವು ಅದನ್ನು ನೋಡಲು ಹೋದದ್ದು ಚಳಿಗಾಲದಲ್ಲಿ. ಏನೂ ಕಾಣದಿರುವ ಕಾಲದಲ್ಲಿ ಹೋಗಿ ಏನನ್ನು ನೋಡುವಿರಿ ಎಂದು ಮಿತ್ರರಲ್ಲಿ ಅನೇಕರು ಕೇಳಿದರು. ಪ್ರಶ್ನೆಯು ನ್ಯಾಯವಾದದ್ದೇ. ಆದರೆ ಈ ಊರಿನ ಚರಿತ್ರೆಯು ಅದರ ಮಂಜಿನೊಡನೆ ಎಷ್ಟು ಹೆಣೆದುಕೊಂಡಿದೆಯೆಂದರೆ, ಬಿಸಿಲುಗಾಲದಲ್ಲಿ ಹೋಗಿಬಂದವರು ಅದರ ಅರ್ಧವನ್ನು ಮಾತ್ರ ಕಂಡವರೆಂದು ಹೇಳಬೇಕಾಗುವುದು.

ಊರಿನ ನೆಲೆಯನ್ನು ಮೊದಲು ತಿಳಿಸುವೆವು. ಏಷ್ಯಾಖಂಡದ ನದಿಗಳಲ್ಲೆಲ್ಲ ಅತಿ ದೀರ್ಘವಾದ ಯಾಂಗ್‌ತ್ಸೆಯು ಪಡುವಣ ಹಿಮಪರ್ವತಗಳಿಂದ ಇಳಿದು ಸಿಚುವಾನ್ ಸೀಮೆಯ ಕೆಮ್ಮಣ್ಣಿನ ನೆಲವನ್ನು ಹಾದು ಮೂಡಲಿಗೆ ಹರಿಯುತ್ತಿರುವಾಗ, ಬಡಗಣಿಂದ ಜಿಯಾಲಿಂಗ್ ಎಂಬ ಉಪನದಿಯು ಬಂದು ಅದನ್ನು ಸೇರುವುದು. ನಮ್ಮಲ್ಲಿ ಕೂಡಲಿಯಲ್ಲಿ ತುಂಗೆ ಭದ್ರೆಗಳು ಸೇರುವಂತೆ ಈ ಎರಡು ಹೊಳೆಗಳು ಸೇರುವ ಮೊನೆಯಲ್ಲಿ, ಎರಡು ನೀರುಗಳ ನಡುವೆ ನಾಲಗೆಯಂತೆ ಚಾಚಿರುವ ಬಂಡೆಯ ಗುಡ್ಡದ ಮೇಲೆ, ಹಳೆಯ ಊರು ಕಟ್ಟಲ್ಪಟ್ಟಿದೆ. ಸಂಗಮದ ಮೆಟ್ಟಿಲುಗಟ್ಟೆಗೆ ಚಾವ್‌ತಿಯೆನ್‌ಮೆನ್ ಎಂದು ಹೆಸರು. ಚಕ್ರವರ್ತಿಯ ಆಸ್ಥಾನಕ್ಕೆ ಮುಖಮಾಡಿದ ಬಾಗಿಲು ಎಂದು ಅದರ ತಾತ್ಪರ್ಯ. ಊರಿಗೆ ಈಗಿನ ಹೆಸರು ಬಂದದ್ದು ೧೧೮೯ರಲ್ಲಿ. ಈ ಸೀಮೆಯ ರಾಜಕುಮಾರನೊಬ್ಬನು ಅದೇ ವರ್ಷ ಸೊಂಗ್ ವಂಶದ ಸಿಂಹಾಸನವನ್ನೂ ಏರಿದುದರಿಂದ, ಒಂದರ ಮೇಲೊಂದು ಬಂದ ಸಂತೋಷಕ್ಕಾಗಿ, ಇಮ್ಮಡಿ ಸಂಭ್ರಮವೆಂಬ ಅರ್ಥದ ಈ ಹೆಸರನ್ನು ಕೊಟ್ಟರಂತೆ. ತರುವಾಯದ ಶತಮಾನಗಳಲ್ಲಿ ಸಂಭ್ರಮವೇ ನಡೆಯಿತೆಂದು ಹೇಳಲಾಗದು. ೧೮೯೧ರಲ್ಲಿ ಬ್ರಿಟಿಷರ ಒತ್ತಾಯದಿಂದ ಇಲ್ಲಿ ಪರದೇಶದ ವ್ಯಾಪಾರಕ್ಕೆ ರೇವು ತೆರೆಯಬೇಕಾಯಿತು. ೧೮೯೮ರಲ್ಲಿ ಆರ್ಚಿಬಾಲ್ಡ್ ಲಿಟ್ಲ್ ಎಂಬ ಆಂಗ್ಲ ವರ್ತಕನು ಭಯಂಕರವಾದ ಮೂರು ಕಣಿವೆಗಳನ್ನು ದಾಟಿಸಿ ಮೊದಲನೆಯ ಹೊಗೆಹಡಗನ್ನು ಇಲ್ಲಿಗೆ ತಂದನು. ವರ್ತಕನ ಹಿಂದೆಯೇ ತೋಪಿನ ದೋಣಿಗಳು ಬಂದವೆಂಬುದನ್ನು ನಮ್ಮ ದೇಶದ ವಾಚಕರಿಗೆ ವಿವರಿಸಬೇಕಾಗಿಲ್ಲ.

ಚೊಂಗ್‌ಚಿಂಗ್ ಲೋಕದಲ್ಲೆಲ್ಲ ದೊಡ್ಡ ನಗರವೆಂದು ಕೆಲವರು ಬರೆಯುವುದುಂಟು. ಇದು ಲೆಕ್ಕದ ಚಮತ್ಕಾರವೇ ಹೊರತು ಬೇರಲ್ಲ. ೧೯೯೭ರಲ್ಲಿ ಇದನ್ನು ಸಿಚುವಾನ್ ಪ್ರಾಂತದಿಂದ ಬೇರ್ಪಡಿಸಿ ಕೇಂದ್ರ ಸರ್ಕಾರದ ನೇರವಾದ ಆಡಳಿತಕ್ಕೆ ಒಳಪಡಿಸಿದಾಗ, ಸುತ್ತಲಿನ ಗುಡ್ಡಗಾಡು ಹಳ್ಳಿಗಳನ್ನೂ ಪೇಟೆಗಳನ್ನೂ ಇದಕ್ಕೆ ಸೇರಿಸಿಬಿಟ್ಟರು. ಹೀಗೆ ಸೇರಿದ ಸೀಮೆಯ ವಿಸ್ತೀರ್ಣವು ಸುಮಾರು ೮೨,೪೦೦ ಚದರ ಕಿಲೋಮೀಟರು, ಎಂದರೆ ಕರ್ನಾಟಕ ರಾಜ್ಯದ ಅರ್ಧಕ್ಕೆ ಸ್ವಲ್ಪ ಕಡಮೆ. ೨೦೨೦ರ ಖಾನೇಷುಮಾರಿಯಲ್ಲಿ ಅದರ ಜನಸಂಖ್ಯೆ ೩ ಕೋಟಿ ೨೦ ಲಕ್ಷವಾಗಿದ್ದಿತು. ಇಷ್ಟನ್ನೂ ಒಂದು ನಗರವೆಂದು ಕರೆಯುವುದಾದರೆ ನಮ್ಮ ನಾಲ್ಕಾರು ಜಿಲ್ಲೆಗಳನ್ನು ಕೂಡಿಸಿ ನಾವೂ ಕರೆದುಕೊಳ್ಳಬಹುದು. ನಿಜವಾದ ಪಟ್ಟಣವು ಸಂಗಮದ ಸುತ್ತಮುತ್ತ ಇರುವುದು, ಅದೇನೂ ಚಿಕ್ಕದಲ್ಲ.

ಇನ್ನು ಮಂಜಿನ ವಿಚಾರ. ಸಿಚುವಾನ್ ಸೀಮೆಯು ಒಂದು ದೊಡ್ಡ ಬೋಗುಣಿಯಂತಿದೆ. ಸುತ್ತಲೂ ಪರ್ವತಗಳ ಅಂಚು, ನಡುವೆ ತಗ್ಗು. ಬಡಗಣ ಬೆಟ್ಟಸಾಲುಗಳು ಚಳಿಗಾಳಿಯನ್ನು ತಡೆಯುವುದರಿಂದ ಇಲ್ಲಿ ಹಿಮ ಬೀಳುವುದು ಅಪೂರ್ವ. ಜನವರಿ ತಿಂಗಳಲ್ಲಿಯೂ ಸರಾಸರಿ ಶೈತ್ಯವು ಶತಮಾನ ಉಷ್ಣಮಾಪಕದಲ್ಲಿ ೮ ಅಂಶದಷ್ಟಿರುವುದು. ಆದರೆ ಅದೇ ಬೆಟ್ಟಗಳು ಒಳಗಿನ ತೇವವನ್ನು ಹೊರಗೆ ಹೋಗಗೊಡುವುದೂ ಇಲ್ಲ. ಎರಡು ಹೊಳೆಗಳಿಂದ ಏಳುವ ಆವಿ ಗಾಳಿಯಲ್ಲಿ ತುಂಬಿರುವುದು. ರಾತ್ರಿ ನೆಲವು ತಣಿದೊಡನೆ ಅದಕ್ಕೆ ತಗುಲಿದ ಗಾಳಿಯೂ ತಣಿದು, ಮೇಲಿನ ಬೆಚ್ಚನೆಯ ಗಾಳಿಯು ಅದರ ಮೇಲೆ ಮುಚ್ಚಳವಿಟ್ಟಂತೆ ಕುಳಿತುಕೊಳ್ಳುವುದು. ಬೀಸಿ ಚದರಿಸುವ ಗಾಳಿಯಿಲ್ಲ. ಆಗ ಆ ಆವಿಯು ಮಂಜಾಗಿ ಕಣಿವೆಯಲ್ಲಿಯೇ ನಿಲ್ಲುವುದು. ಡಿಸೆಂಬರು ಜನವರಿಗಳಲ್ಲಿ ದಿನಕ್ಕೆ ಸರಾಸರಿ ಒಂದು ಗಂಟೆಯ ಬಿಸಿಲೂ ಈ ಊರಿಗೆ ದೊರೆಯುವುದಿಲ್ಲ. ಈ ಸೀಮೆಯ ನಾಯಿಗಳು ಸೂರ್ಯನನ್ನು ಕಂಡರೆ ಹೊಸಬನು ಬಂದನೆಂದು ಬೊಗಳುವುವೆಂದು ಚೀನೀಯರಲ್ಲಿ ಬಹು ಹಿಂದಿನಿಂದಲೂ ಒಂದು ನಾಣ್ಣುಡಿಯಿದೆ.

ಅಂಶಗಳ ಲೆಕ್ಕವನ್ನು ನೋಡಿ ಇಲ್ಲಿಯ ಚಳಿಯನ್ನು ಅಳೆಯಲಾಗದು. ಮಡಿಕೇರಿಯಲ್ಲಿಯೂ ಸಕಲೇಶಪುರದಲ್ಲಿಯೂ ಶ್ರಾವಣದ ಮಳೆಯಲ್ಲಿ ಗೋಡೆ ಬೆವರುವುದನ್ನು ಕಂಡವರು, ಅದರ ಜೊತೆಗೆ ಇನ್ನೊಂದಿಷ್ಟು ಚಳಿಯನ್ನು ಸೇರಿಸಿಕೊಂಡರೆ ಆಯಿತು. ಹಾಸಿಗೆ ತೇವ, ಬಟ್ಟೆ ತೇವ, ಒಗೆದುದು ಮೂರು ದಿನವಾದರೂ ಒಣಗದು. ಚೀನಾದಲ್ಲಿ ಮನೆಗಳಿಗೆ ಚಳಿಗಾಲದ ಬಿಸಿನೀರಿನ ಕೊಳವೆಗಳನ್ನು ಸರ್ಕಾರವು ಒದಗಿಸುವುದು ಬಡಗಣ ಸೀಮೆಗಳಿಗೆ ಮಾತ್ರ. ಚಿನ್‌ಲಿಂಗ್ ಪರ್ವತಕ್ಕೂ ಹುವಾಯ್ ನದಿಗೂ ತೆಂಕಲಿನವರು ಚಳಿಯಿಲ್ಲದವರೆಂದು ಕಾಗದದ ಮೇಲೆ ತೀರ್ಮಾನವಾಗಿ ಎಷ್ಟೋ ದಶಕಗಳಾದವು. ಕಚೇರಿಯವರು ಎಳೆದ ಗೆರೆಯನ್ನು ಚಳಿಯು ಅನುಸರಿಸುವುದೋ ಇಲ್ಲವೋ ಎಂಬುದನ್ನು ಅಲ್ಲಿಯವರನ್ನೇ ಕೇಳಬೇಕು. ಮನೆಯೊಳಗೂ ಅವರು ಹತ್ತಿಯ ದಪ್ಪ ಅಂಗಿಯನ್ನು ಕಳಚುವುದಿಲ್ಲ.

ಮಂಜೆಂದು ಕರೆದುದೆಲ್ಲವೂ ಮಂಜಲ್ಲವೆಂಬುದನ್ನೂ ಹೇಳಿಬಿಡಬೇಕು. ಈ ಸೀಮೆಯ ಕಲ್ಲಿದ್ದಲಿನಲ್ಲಿ ಗಂಧಕದ ಅಂಶವು ಹೆಚ್ಚು. ಕಾರ್ಖಾನೆಗಳೂ ಅಡಿಗೆಮನೆಗಳೂ ಅದನ್ನೇ ಉರಿಸುತ್ತಿದ್ದ ಕಾಲದಲ್ಲಿ ಹೊಗೆಯು ಮಂಜಿನೊಡನೆ ಕಲೆತು ಮೇಲೇರಲಾರದೆ ಜನರ ಶ್ವಾಸಕೋಶಗಳನ್ನು ಸೇರುತ್ತಿದ್ದಿತು. ೧೯೮೦ರ ಮತ್ತು ೧೯೯೦ರ ದಶಕಗಳಲ್ಲಿ ಚೀನಾದಲ್ಲಿ ಆಮ್ಲದ ಮಳೆಯು ಅತಿಯಾಗಿ ಬೀಳುತ್ತಿದ್ದ ಪಟ್ಟಣಗಳಲ್ಲಿ ಇದೂ ಒಂದಾಗಿದ್ದಿತು. ತರುವಾಯ ಅನಿಲದ ಒಲೆಗಳು ಬಂದವು. ಕೆಲವು ದೊಡ್ಡ ಕಾರ್ಖಾನೆಗಳು ಊರಾಚೆ ಹೋದವು. ಗಾಳಿಯು ಬಹಳಮಟ್ಟಿಗೆ ಶುದ್ಧವಾಯಿತು. ಪಟ್ಟಣವು ಬೆಳೆದು ಅದರ ಕಲ್ಲುಗಾರೆಗಳ ಕಾವು ಹೆಚ್ಚಿದಂತೆ ಮಂಜು ಬೀಳುವ ದಿನಗಳ ಸಂಖ್ಯೆಯೂ ಹಿಂದಿಗಿಂತ ಇಳಿದಿದೆ. ಆದರೂ ನಾವಿದ್ದ ದಿನಗಳಲ್ಲಿ ಬೆಳಗ್ಗೆ ಕಿಟಕಿಯನ್ನು ತೆರೆದರೆ ಎದುರಿನ ಮಹಡಿಗಳು ನಡುವಿನಿಂದ ಮೇಲಕ್ಕೆ ಮಾಯವಾಗಿದ್ದವು. ಹೊಳೆಯ ಇರುವಿಕೆಯು ಹಡಗಿನ ಕೂಗಿನಿಂದ ಮಾತ್ರ ತಿಳಿಯುತ್ತಿದ್ದಿತು.

ಈ ಮಂಜೇ ಒಂದು ಕಾಲದಲ್ಲಿ ಊರಿನ ಜನರ ಪ್ರಾಣವನ್ನು ಉಳಿಸಿತು. ೧೯೩೭ರ ಜುಲೈ ತಿಂಗಳಲ್ಲಿ ಜಪಾನು ಚೀನಾದೇಶದ ಮೇಲೆ ಬಹಿರಂಗವಾಗಿ ಯುದ್ಧವನ್ನು ಹೂಡಿತು. ರಾಜಧಾನಿಯಾದ ನಾನ್‌ಜಿಂಗ್ ಡಿಸೆಂಬರಿನಲ್ಲಿ ಬಿದ್ದಿತು. ೧೯೩೮ರ ಅಕ್ಟೋಬರಿನಲ್ಲಿ ವುಹಾನ್ ಬಿದ್ದಿತು. ಚಿಯಾಂಗ್ ಕೈ-ಷೆಕ್‌ರವರ ಸರ್ಕಾರವು ಮೂರು ಕಣಿವೆಗಳ ಹಿಂದಿರುವ ಈ ಊರನ್ನು ಸೇರಿತು. ಕಾರ್ಖಾನೆಗಳ ಯಂತ್ರಗಳನ್ನೂ ವಿಶ್ವವಿದ್ಯಾನಿಲಯಗಳ ಪುಸ್ತಕಗಳನ್ನೂ ದೋಣಿಗಳಲ್ಲಿ ಹೇರಿಕೊಂಡು, ಪ್ರವಾಹಕ್ಕೆ ಎದುರಾಗಿ ಹಗ್ಗಕಟ್ಟಿ ಎಳೆದು ತಂದರು. ನೆಲದ ಸೈನ್ಯವು ಕಣಿವೆಗಳನ್ನು ದಾಟಲಾರದೆಂದು ಕಂಡುಕೊಂಡ ಜಪಾನೀಯರು ವಿಮಾನಗಳನ್ನು ಕಳುಹಿಸಿದರು. ೧೯೩೮ರ ಫೆಬ್ರವರಿಯಿಂದ ೧೯೪೩ರ ಆಗಸ್ಟಿನವರೆಗೆ ಇನ್ನೂರಕ್ಕೂ ಮೇಲ್ಪಟ್ಟು ಸಲ ಧಾಳಿ ನಡೆದು, ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ೧೯೩೯ರ ಮೇ ೩ ಮತ್ತು ೪ನೆಯ ತಾರೀಖುಗಳಲ್ಲಿ, ಎರಡೇ ದಿನಗಳಲ್ಲಿ, ಬೆಂಕಿಯ ಬಾಂಬುಗಳಿಂದ ಸುಮಾರು ೪ ಸಾವಿರ ಜನರು ಮಡಿದರು. ಬಿದಿರು ಮರಗಳ ಮನೆಗಳು ಗುಡ್ಡದ ಮೇಲೆ ಒತ್ತಾಗಿ ಕಟ್ಟಿದ್ದುದರಿಂದ ಬೆಂಕಿಯನ್ನು ತಡೆಯುವ ಉಪಾಯವೇ ಇರಲಿಲ್ಲ.

ಚಳಿಗಾಲ ಬಂದಿತೆಂದರೆ ಧಾಳಿ ನಿಲ್ಲುತ್ತಿದ್ದಿತು. ಶರತ್ಕಾಲದ ಕೊನೆಯಿಂದ ವಸಂತದವರೆಗೆ ಮೇಲಿನಿಂದ ನೋಡಿದ ವೈಮಾನಿಕರಿಗೆ ಬಿಳಿಯ ಹೊದಿಕೆಯಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಜನರು ಆ ತಿಂಗಳುಗಳಲ್ಲಿ ಸುಟ್ಟ ಮನೆಗಳನ್ನು ತಿರುಗಿ ಕಟ್ಟಿಕೊಳ್ಳುವರು, ಬಂಡೆಗಳಲ್ಲಿ ಹೊಸ ಸುರಂಗಗಳನ್ನು ತೋಡುವರು, ಮದುವೆಗಳನ್ನು ಮಾಡುವರು. ಲೋಕವೆಲ್ಲ ಬಿಸಿಲಿಗೆ ಹಾರೈಸುತ್ತಿರಲು ಈ ಊರು ಮಾತ್ರ ಆಕಾಶವು ತಿಳಿಯಾದರೆ ನಡುಗುತ್ತಿದ್ದಿತು. ನಿರ್ಮಲವಾದ ಹುಣ್ಣಿಮೆಯ ರಾತ್ರಿಯೆಂದರೆ ಭೀತಿ. ಎತ್ತರದ ಕಂಬಗಳ ಮೇಲೆ ಕೆಂಪು ಗುಂಡುಗಳನ್ನು ಏರಿಸಿ ಧಾಳಿಯ ಸೂಚನೆಯನ್ನು ಕೊಡುವ ಪದ್ಧತಿಯಿದ್ದಿತು. ಅದನ್ನು ಕಂಡೊಡನೆ ಜನರೆಲ್ಲ ಸುರಂಗಗಳನ್ನು ಹೊಗುವರು.

ಆದರೆ ಎಲ್ಲವನ್ನೂ ಮಂಜಿನ ಮತ್ತು ಶತ್ರುವಿನ ಲೆಕ್ಕಕ್ಕೆ ಬರೆದು ಅಧಿಕಾರಿಗಳನ್ನು ಬಿಟ್ಟುಬಿಡುವುದು ಸರಿಯಲ್ಲ. ೧೯೪೧ರ ಜೂನ್ ೫ರ ಸಂಜೆ ಧಾಳಿಯು ಗಂಟೆಗಟ್ಟಲೆ ನಡೆಯಿತು. ಊರ ನಡುವಣ ದೊಡ್ಡ ಸುರಂಗದೊಳಗೆ ಹಿಡಿಸುವುದಕ್ಕಿಂತ ಬಹು ಹೆಚ್ಚಾಗಿ ಜನರು ತುಂಬಿದ್ದರು. ಗಾಳಿಯಾಡುವ ಏರ್ಪಾಡು ಕೆಲಸಮಾಡಲಿಲ್ಲ. ಉಸಿರುಕಟ್ಟಿದವರು ಬಾಗಿಲಿಗೆ ನುಗ್ಗಿದರು. ಒಬ್ಬರ ಮೇಲೊಬ್ಬರು ಬಿದ್ದರು. ಬಾಂಬು ತಾಗದೆಯೇ ಸತ್ತರು. ಸರ್ಕಾರವು ಒಪ್ಪಿಕೊಂಡ ಸಂಖ್ಯೆ ಸಾವಿರದೊಳಗಿನದು. ಜನರು ಹೇಳಿದ್ದು ಅದರ ಅನೇಕಪಟ್ಟು. ಇಂದಿಗೂ ಆ ಲೆಕ್ಕವು ಒಂದಾಗಿಲ್ಲ. ವಿಚಾರಣೆ ನಡೆದು ಕೆಲವು ಅಧಿಕಾರಿಗಳು ಪದಚ್ಯುತರಾದರು. ಆ ಸುರಂಗದ ಬಾಯೊಂದನ್ನು ಜ್ಯಾವ್‌ಚಾಂಗ್‌ಕೌ ಎಂಬ ಸಂದಣಿಯ ಬೀದಿಯ ಬಳಿಯಲ್ಲಿ ಸ್ಮಾರಕವಾಗಿ ಉಳಿಸಿದ್ದಾರೆ. ಸುತ್ತಲೂ ಎತ್ತರದ ಅಂಗಡಿಗಳು. ನಡೆದುಹೋಗುವವರಲ್ಲಿ ನೂರಕ್ಕೊಬ್ಬರೂ ನಿಲ್ಲುವಂತೆ ಕಾಣಲಿಲ್ಲ. ಮಿಕ್ಕ ಸುರಂಗಗಳಲ್ಲಿ ಅನೇಕವು ಈಗ ಭೋಜನಶಾಲೆಗಳೂ ಅಂಗಡಿಗಳೂ ಆಗಿವೆ. ಈ ಊರಿನ ಬೇಸಗೆಯು ಸುಡುವಂತಹುದಾದುದರಿಂದ, ಕೆಲವನ್ನು ಆಗ ಜನರು ತಂಪಿಗಾಗಿ ಹೋಗಿ ಕುಳಿತುಕೊಳ್ಳಲು ತೆರೆದಿಡುವರು.

ನಮ್ಮ ಕಸುಬಿನವರಿಗೆ ಈ ಊರಿನಲ್ಲಿ ಮುಖ್ಯವಾಗಿ ತಿಳಿಯತಕ್ಕ ಸಂಗತಿಗಳು ಇನ್ನೆರಡಿವೆ. ಅವುಗಳನ್ನು ಸ್ವಲ್ಪ ವಿಸ್ತರಿಸಿದರೆ ವಾಚಕರು ಮನ್ನಿಸಬೇಕು. ೧೯೩೯ರ ಮೇ ತಿಂಗಳ ಧಾಳಿಯಲ್ಲಿ ಪತ್ರಿಕೆಗಳ ಮುದ್ರಣಾಲಯಗಳು ಹಾಳಾದವು. ಆಗ ಊರಿನ ಹತ್ತು ಪತ್ರಿಕೆಗಳು ಕೂಡಿ, ಮೇ ೬ರಿಂದ ಆಗಸ್ಟಿನವರೆಗೆ, ಎಲ್ಲವುಗಳ ಹೆಸರಿನಲ್ಲಿ ಒಂದೇ ಸಂಯುಕ್ತ ಪತ್ರಿಕೆಯನ್ನು ಹೊರಡಿಸಿದವು. ಆ ಹತ್ತರಲ್ಲಿ ಸರ್ಕಾರದ ಪಕ್ಷದ ಪತ್ರಿಕೆಯೂ ಇದ್ದಿತು, ಕಮ್ಯೂನಿಸ್ಟರ ಪತ್ರಿಕೆಯಾದ ಶಿನ್‌ಹುವಾ ದೈನಿಕವೂ ಇದ್ದಿತು. ಒಬ್ಬರ ಮುಖವನ್ನೊಬ್ಬರು ನೋಡದ ಸಂಪಾದಕರು ಒಂದೇ ಹಾಳೆಯಲ್ಲಿ ಅಚ್ಚಾಗುವುದೆಂದರೆ ಎಂತಹ ಕಷ್ಟಕಾಲವಾಗಿದ್ದಿರಬೇಕೆಂಬುದನ್ನು ಪತ್ರಿಕಾವೃತ್ತಿಯವರು ಬಲ್ಲರು. ಆ ಐಕ್ಯವು ಬಹುಕಾಲ ಉಳಿಯಲಿಲ್ಲ. ೧೯೪೧ರ ಜನವರಿಯಲ್ಲಿ ಸರ್ಕಾರದ ಸೈನ್ಯವು ಕಮ್ಯೂನಿಸ್ಟರ ಹೊಸ ನಾಲ್ಕನೆಯ ಸೇನೆಯ ಮೇಲೆ ಬಿದ್ದು ಅದನ್ನು ಮುರಿಯಿತು. ಆ ವರದಿಯನ್ನು ಪರಿಶೋಧನಾಧಿಕಾರಿಗಳು ಹೊಡೆದುಹಾಕಲು, ಜನವರಿ ೧೮ರ ಶಿನ್‌ಹುವಾ ದೈನಿಕವು ತೆರವಾದ ಜಾಗದಲ್ಲಿ, ಅನ್ಯಾಯವನ್ನು ಖಂಡಿಸಿ ಚೌ ಎನ್-ಲಾಯ್‌ರವರು ಕೈಯಾರೆ ಬರೆದ ಕೆಲವು ಸಾಲುಗಳನ್ನು ಅಚ್ಚುಹಾಕಿ ಹಂಚಿತು.

ಎರಡನೆಯ ಸಂಗತಿ ದಾಗೊಂಗ್‌ಬಾವ್ ಎಂಬ ಪತ್ರಿಕೆಯದು. ಯಾವ ಪಕ್ಷಕ್ಕೂ ಸೇರದೆಂದು ಹೇಳಿಕೊಳ್ಳುತ್ತಿದ್ದ ಈ ಪತ್ರಿಕೆಯು ಜಪಾನೀಯರು ಒಂದೊಂದು ಊರಿಗೆ ಬಂದಂತೆ ತನ್ನ ಅಚ್ಚಿನ ಮೊಳೆಗಳನ್ನು ಹೊತ್ತುಕೊಂಡು ಮುಂದಿನ ಊರಿಗೆ ಸರಿದು, ಕಡೆಗೆ ಚೊಂಗ್‌ಚಿಂಗಿನಲ್ಲಿ ಜಿಯಾಲಿಂಗ್ ನದಿಯ ದಡದ ಲೀತ್ಸಿಬಾ ಎಂಬಲ್ಲಿ ನೆಲಸಿತು. ೧೯೪೧ರಲ್ಲಿ ಅಮೆರಿಕದ ಮಿಸೌರಿ ವಿಶ್ವವಿದ್ಯಾನಿಲಯದ ಪತ್ರಿಕಾವಿದ್ಯಾಲಯವು ಇದಕ್ಕೆ ಗೌರವಪದಕವನ್ನು ಕೊಟ್ಟಿತು. ೧೯೪೩ರ ಫೆಬ್ರವರಿ ೧ರಂದು ಹೆನಾನ್ ಪ್ರಾಂತದ ಭಯಂಕರ ಕ್ಷಾಮವನ್ನು ಕುರಿತು ತನ್ನ ಬಾತ್ಮೀದಾರನ ವರದಿಯನ್ನು ಅದು ಪ್ರಕಟಿಸಿತು. ಮರುದಿನ ಸಂಪಾದಕರಾದ ವಾಂಗ್ ಯುನ್‌ಶೆಂಗ್‌ರವರು ಅಗ್ರಲೇಖನವನ್ನು ಬರೆದರು. ಚೊಂಗ್‌ಚಿಂಗನ್ನು ನೋಡುತ್ತ ನಡುನಾಡನ್ನು ನೆನೆಯುವುದು ಎಂದು ಅದರ ತಲೆಬರಹದ ಭಾವ. ಹೆನಾನಿನ ರೈತನು ಹಸಿದು ಸಾಯುತ್ತಿರುವಾಗಲೂ ಅವನಿಂದ ಧಾನ್ಯದ ಕಂದಾಯವನ್ನು ಎಳೆಯುತ್ತಿರುವಿರಿ, ಇಲ್ಲಿ ರಾಜಧಾನಿಯ ಸಿರಿವಂತರು ಬೇಕಾದಂತೆ ಉಣ್ಣುತ್ತಿರುವರು ಎಂಬುದು ಅದರ ಸಾರಾಂಶ. ಸರ್ಕಾರವು ಪತ್ರಿಕೆಯನ್ನು ಮೂರು ದಿನ ಮುಚ್ಚಿಸಿತು. ಮುಚ್ಚಿಸಿದ್ದರಿಂದಲೇ ಸಂಗತಿಯು ಲೋಕಕ್ಕೆ ತಿಳಿಯಿತು. ಟೈಮ್ ಎಂಬ ಅಮೆರಿಕದ ವಾರಪತ್ರಿಕೆಯ ಪ್ರತಿನಿಧಿ ಥಿಯೊಡೋರ್ ವೈಟರು ಹೆನಾನಿಗೆ ಹೋಗಿ ನೋಡಿ ಬರೆದರು. ಆಮೇಲೆ ಧಾನ್ಯವು ಅತ್ತ ಹೊರಟಿತು. ಹೊರಟದ್ದು ತಡವಾಗಿ. ಆ ವೇಳೆಗೆ ಸತ್ತವರು ಲಕ್ಷಾಂತರ.

ಅದೇ ವರ್ಷ ನಮ್ಮ ಬಂಗಾಳದಲ್ಲಿ ಏನಾಯಿತೆಂಬುದನ್ನು ಇಲ್ಲಿ ನೆನೆಯದಿರಲಾಗದು. ಕಲ್ಕತ್ತೆಯ ಬೀದಿಗಳಲ್ಲಿ ಜನರು ಬಿದ್ದು ಸಾಯುತ್ತಿರಲು, ಕ್ಷಾಮವೆಂಬ ಶಬ್ದವನ್ನು ಬಳಸಲು ಬ್ರಿಟಿಷ್ ಸರ್ಕಾರಕ್ಕೆ ಇಷ್ಟವಿರಲಿಲ್ಲ. ೧೯೪೩ರ ಆಗಸ್ಟ್ ೨೨ರಂದು ಸ್ಟೇಟ್ಸ್‌ಮನ್ ಪತ್ರಿಕೆಯು, ಆಂಗ್ಲರ ಒಡೆತನದ್ದಾದರೂ, ಆ ಹೆಣಗಳ ಛಾಯಾಚಿತ್ರಗಳನ್ನು ಪ್ರಕಟಿಸಿದಾಗ ಮುಚ್ಚಿಟ್ಟದ್ದು ಹೊರಬಿದ್ದಿತು. ಚೀನಾದಲ್ಲಿದ್ದದ್ದು ಸ್ವದೇಶೀ ಸರ್ಕಾರ, ಇಲ್ಲಿದ್ದದ್ದು ಪರಕೀಯರದು. ಎರಡೂ ಯುದ್ಧದ ಹೆಸರನ್ನು ಹೇಳಿಯೇ ಹಸಿವಿನ ವರ್ತಮಾನವನ್ನು ಅಡಗಿಸಿದವು. ಸ್ವರಾಜ್ಯವು ಬಂದ ಮಾತ್ರದಿಂದ ಪರಿಶೋಧಕನ ಕೆಂಪು ಲೇಖನಿಯು ಮಾಯವಾಗುವುದಿಲ್ಲವೆಂಬುದಕ್ಕೆ ಲೀತ್ಸಿಬಾಕ್ಕಿಂತ ಬೇರೆ ನಿದರ್ಶನ ಬೇಡ. ಇಂದು ಆ ಲೀತ್ಸಿಬಾಕ್ಕೆ ಪ್ರತಿದಿನವೂ ಸಹಸ್ರಾರು ಪ್ರವಾಸಿಗಳು ಹೋಗುವರು. ಆದರೆ ಪತ್ರಿಕೆಯನ್ನು ನೆನೆದಲ್ಲ. ಅಲ್ಲಿ ಒಂಟಿಕಂಬಿಯ ರೈಲು ಹತ್ತೊಂಬತ್ತು ಅಂತಸ್ತಿನ ಮನೆಯೊಂದರ ಹೊಟ್ಟೆಯೊಳಗೆ ಹೊಕ್ಕು ಹೊರಡುವುದು. ನಿಲ್ದಾಣವಿರುವುದು ಆರರಿಂದ ಎಂಟನೆಯವರೆಗಿನ ಅಂತಸ್ತುಗಳಲ್ಲಿ. ಎದುರಿನ ರಸ್ತೆಯಲ್ಲಿ ಜನರು ಬಾಯಿ ತೆರೆದು ರೈಲನ್ನು ನುಂಗುವವರಂತೆ ಚಿತ್ರ ತೆಗೆಯಿಸಿಕೊಳ್ಳುತ್ತಿದ್ದರು. ನೋಡತಕ್ಕ ವಿಚಿತ್ರವೇ ಸರಿ.

ಮಂಜಿನ ತಿಂಗಳುಗಳು ನಾಟಕಕ್ಕೂ ಒದಗಿಬಂದವು. ಧಾಳಿಯಿಲ್ಲದ ಕಾಲದಲ್ಲಿ ರಂಗಮಂದಿರಗಳು ತೆರೆದು, ೧೯೪೧ರಿಂದ ಮುಂದಕ್ಕೆ ಮಂಜಿನ ಋತುವಿನ ಪ್ರದರ್ಶನಗಳೆಂಬ ಹೆಸರೇ ಬಿದ್ದಿತು. ಗುವೊ ಮೊರೊ ಅವರ ‘ಚ್ಯು ಯುವಾನ್’ ಎಂಬ ನಾಟಕವು ೧೯೪೨ರ ಏಪ್ರಿಲಿನಲ್ಲಿ ಇಲ್ಲಿ ಪ್ರಯೋಗವಾಯಿತು. ರಾಜನಿಗೆ ಹಿತವನ್ನು ಹೇಳಿ, ಚಾಡಿಕೋರರ ದೆಸೆಯಿಂದ ಗಡಿಪಾರಾಗಿ, ನದಿಗೆ ಬಿದ್ದು ಪ್ರಾಣಬಿಟ್ಟನೆಂದು ಹೇಳುವ ಪ್ರಾಚೀನ ಮಂತ್ರಿಯೂ ಕವಿಯೂ ಆದವನ ಕಥೆಯದು. ನೋಡುವವರಿಗೆ ಆ ರಾಜನು ಯಾರೆಂಬುದು ತಿಳಿಯದೆ ಹೋಗಲಿಲ್ಲ. ಪತ್ರಿಕೆಯಲ್ಲಿ ಹೇಳಗೊಡದ ಮಾತು ರಂಗದ ಮೇಲೆ ಎರಡು ಸಾವಿರ ವರ್ಷದ ಹಿಂದಿನ ವೇಷವನ್ನು ತೊಟ್ಟು ಬಂದಿತು.

ಭರತಖಂಡಕ್ಕೂ ಈ ಊರಿಗೂ ಇರುವ ಸಂಬಂಧವು ಮರೆಯತಕ್ಕುದಲ್ಲ. ೧೯೩೮ರಲ್ಲಿ ಇಂಡಿಯನ್ ನ್ಯಾಷನಲ್ ಕಾಂಗ್ರೆಸ್ಸು ಐವರು ವೈದ್ಯರ ತಂಡವನ್ನು ಚೀನಾಕ್ಕೆ ಕಳುಹಿಸಿತು: ಅಟಲ್, ಚೋಲ್ಕರ್, ಕೋಟ್ನಿಸ್, ಬಸು, ಮುಖರ್ಜಿ ಎಂಬವರು. ಅವರು ೧೯೩೮-೩೯ರ ಚಳಿಗಾಲದಲ್ಲಿ ಚೊಂಗ್‌ಚಿಂಗಿನಲ್ಲಿದ್ದು, ಅಲ್ಲಿಂದ ಉತ್ತರಕ್ಕೆ ಯೆನಾನಿಗೆ ಹೋದರು. ದ್ವಾರಕಾನಾಥ ಕೋಟ್ನಿಸರು ಸೊಲ್ಲಾಪುರದವರು. ಕನ್ನಡವೂ ಮರಾಠಿಯೂ ಬೆರೆತು ನಡೆಯುವ ಆ ಊರು ನಮಗೆ ನೆರೆಯದೇ. ಚೀನಾವೆಂಬ ಅರ್ಥದ ‘ಹುವಾ’ ಎಂಬ ಶಬ್ದವನ್ನು ಕೂಡಿಸಿದ ‘ಕೆ ದಿಹುವಾ’ ಎಂಬ ಹೆಸರಿನಿಂದ ಅಲ್ಲಿಯ ಜನ ಅವರನ್ನು ಕರೆದರು. ೧೯೪೨ರ ಡಿಸೆಂಬರ್ ೯ರಂದು, ೩೨ ವರ್ಷದ ವಯಸ್ಸಿನಲ್ಲಿ, ಗಾಯಾಳುಗಳ ಶುಶ್ರೂಷೆ ಮಾಡುತ್ತಲೇ ಅವರು ತೀರಿಕೊಂಡರು. ಪಂಡಿತ ಜವಾಹರಲಾಲ ನೆಹರೂರವರು ೧೯೩೯ರ ಆಗಸ್ಟಿನ ಕೊನೆಯಲ್ಲಿ ಚೊಂಗ್‌ಚಿಂಗಿಗೆ ಬಂದಿದ್ದರು. ಅದು ಮಂಜಿಲ್ಲದ ಕಾಲ. ಧಾಳಿಯಾದಾಗ ಅವರೂ ಸುರಂಗದಲ್ಲಿ ಕುಳಿತಿರಬೇಕಾಯಿತು. ಅಷ್ಟರಲ್ಲಿ ಐರೋಪ್ಯ ಯುದ್ಧವು ಆರಂಭವಾಗಲು ಪ್ರಯಾಣವನ್ನು ಮೊಟಕುಮಾಡಿ ಹಿಂದಿರುಗಿದರು. ಯುದ್ಧಕಾಲದಲ್ಲಿಯೇ ಹಿಂದೂದೇಶದ ಸರ್ಕಾರದ ಪ್ರತಿನಿಧಿಯಾಗಿ ಇಲ್ಲಿದ್ದ ಕೆ. ಪಿ. ಎಸ್. ಮೆನನ್‌ರವರು ೧೯೪೪ರಲ್ಲಿ ಕಾಶ್ಮೀರ, ಗಿಲ್ಗಿಟ್, ಸಿಂಕಿಯಾಂಗ್ ಮಾರ್ಗವಾಗಿ ನೆಲದ ಮೇಲೆ ಪ್ರಯಾಣಮಾಡಿ ಈ ಊರನ್ನು ಸೇರಿದರು. ಆ ದಿನಚರಿಯು ಗ್ರಂಥರೂಪವಾಗಿಯೂ ಬಂದಿದೆ.

ಈಗಿನ ಊರಿನಲ್ಲಿ ತಿರುಗಾಡುವವರು ಮೊದಲು ಮೊಳಕಾಲುಗಳನ್ನು ಗಟ್ಟಿಮಾಡಿಕೊಳ್ಳಬೇಕು. ನಾವು ಇಳಿದುಕೊಂಡಿದ್ದ ವಸತಿಗೃಹಕ್ಕೆ ಕೆಳಗೊಂದು ಬೀದಿಯ ಬಾಗಿಲು, ಹನ್ನೊಂದನೆಯ ಅಂತಸ್ತಿನಲ್ಲಿ ಮತ್ತೊಂದು ಬೀದಿಯ ಬಾಗಿಲು. ದಾರಿ ಕೇಳಿದರೆ ಬಲಕ್ಕೆ ಎಡಕ್ಕೆ ಎಂದು ಹೇಳುವುದರ ಜೊತೆಗೆ ಮೇಲಕ್ಕೆ ಕೆಳಕ್ಕೆ ಎಂದೂ ಹೇಳುವರು. ಇಂತಹ ಊರಿನಲ್ಲಿ ಎತ್ತಿನ ಗಾಡಿಗಾಗಲಿ ಕೈಗಾಡಿಗಾಗಲಿ ದಾರಿಯಿಲ್ಲದುದರಿಂದ ಹೊರೆಯೆಲ್ಲವೂ ಮನುಷ್ಯನ ಹೆಗಲ ಮೇಲೆಯೇ ಸಾಗುತ್ತಿದ್ದಿತು. ಬಿದಿರಿನ ಅಡ್ಡೆಯನ್ನು ಹೊತ್ತು ಎರಡು ತುದಿಗೂ ಸರಕನ್ನು ತೂಗಹಾಕಿಕೊಂಡು ಮೆಟ್ಟಿಲೇರುವ ಕೂಲಿಗಳಿಗೆ ಅಡ್ಡೆಯ ಹೆಸರೇ ಹೆಸರಾಗಿ ಬಾಂಗ್‌ಬಾಂಗ್ ಎಂದು ಕರೆಯುವರು. ಒಂದು ಕಾಲಕ್ಕೆ ಲಕ್ಷಗಟ್ಟಲೆ ಇದ್ದ ಅವರು ಈಗ ವಿರಳವಾಗಿದ್ದಾರೆ. ಕಂಡವರೆಲ್ಲ ವೃದ್ಧರು. ಹಡಗುಕಟ್ಟೆಯ ಸಗಟು ವ್ಯಾಪಾರವು ಬೇರೆಡೆಗೆ ಹೋಯಿತು, ಮೇಲೇರಲು ಯಂತ್ರದ ಮೆಟ್ಟಿಲುಗಳಾದವು. ೧೯೯೬ರಲ್ಲಿ ಆದ ಅಂತಹುದೊಂದರ ಉದ್ದವು ೧೧೨ ಮೀಟರು. ಯಾಂಗ್‌ತ್ಸೆಯನ್ನು ದಾಟಲು ೧೯೮೭ರಿಂದ ತಂತಿಯ ತೊಟ್ಟಿಲೊಂದು ಓಡಾಡುತ್ತಿದೆ. ೧,೧೬೬ ಮೀಟರಿನ ಈ ದಾರಿಯಲ್ಲಿ ಮಂಜಿನ ಬೆಳಗ್ಗೆ ಹೋದರೆ, ದಡ ಬಿಟ್ಟ ಸ್ವಲ್ಪ ಹೊತ್ತಿಗೆ ಹಿಂದಿನದೂ ಕಾಣದು, ಮುಂದಿನದೂ ಕಾಣದು. ತಂತಿಯು ಬಿಳಿಯ ಗೋಡೆಯೊಳಕ್ಕೆ ಹೊಕ್ಕಂತೆ ತೋರುವುದು. ಜೊತೆಯಲ್ಲಿದ್ದ ಊರಿನ ಹೆಂಗಸೊಬ್ಬಳು ಸೊಪ್ಪಿನ ಬುಟ್ಟಿಯನ್ನು ಕಾಲ ಬಳಿಯಿಟ್ಟುಕೊಂಡು ನಿಶ್ಚಿಂತೆಯಿಂದ ತೂಕಡಿಸುತ್ತಿದ್ದಳು.

ಊಟದ ವಿಷಯದಲ್ಲಿ ಶಾಕಾಹಾರಿಗಳಿಗೆ ಒಂದು ಎಚ್ಚರಿಕೆಯನ್ನು ಹೇಳಬೇಕು. ಇಲ್ಲಿ ಪ್ರಸಿದ್ಧವಾದ ಕುದಿಯುವ ಹಂಡೆಯ ಊಟವು ದೋಣಿಯವರಿಂದಲೂ ಹೊರೆಯಾಳುಗಳಿಂದಲೂ ಹುಟ್ಟಿದ್ದು. ಕಸಾಯಿಯವರು ಬಿಸಾಡುವ ಕರುಳುಗಳನ್ನು ತಂದು ಖಾರದಲ್ಲಿ ಬೇಯಿಸಿ ತಿಂದು ಅವರು ಚಳಿಯನ್ನು ನೀಗಿಕೊಳ್ಳುತ್ತಿದ್ದರು. ಅದರ ಜಿಡ್ಡೇ ಗೋವಿನ ಕೊಬ್ಬಿನದು. ಸೊಪ್ಪನ್ನು ಅದ್ದಿಕೊಂಡರೂ ಪ್ರಯೋಜನವಿಲ್ಲ. ಬೌದ್ಧರ ಶಾಕಭೋಜನವನ್ನು ಹುಡುಕಿಕೊಳ್ಳುವುದೇ ಮೇಲು. ಆದರೆ ಆ ಖಾರದಲ್ಲಿ ಮೆಣಸಿನಕಾಯಿಯೊಡನೆ ಬೀಳುವ ಒಂದು ಕಾಯಿಯಿದೆ: ನಾಲಗೆಯ ಮೇಲಿಟ್ಟರೆ ಉರಿಯುವುದಿಲ್ಲ, ಜುಮ್ಮೆನ್ನುವುದು. ಅದನ್ನು ಬಾಯಿಗೆ ಹಾಕಿಕೊಂಡೊಡನೆ ಕೆನರಾ ಜಿಲ್ಲೆಗಳ ಅಡಿಗೆಯನ್ನು ಬಲ್ಲವರು ಗುರುತಿಸಿಬಿಡುವರು. ನಮ್ಮ ಜುಮ್ಮನಕಾಯಿಯ ಜ್ಞಾತಿಯದು. ಮೆಣಸಿನಕಾಯಿಯಂತೂ ನಮಗೂ ಅವರಿಗೂ ಅಮೆರಿಕಖಂಡದಿಂದ ಬಂದದ್ದು.

ಹೊಳೆಯನ್ನು ನೋಡಿದರೆ ಚಳಿಗಾಲವೆಂದು ಹೇಳಲಾಗದು, ಏತಕ್ಕೆಂದರೆ ನೀರು ತುಂಬಿ ನಿಂತಿರುವುದು. ಹಿಂದೆ ಹೀಗಿರಲಿಲ್ಲ. ಚಳಿಗಾಲದಲ್ಲಿ ಯಾಂಗ್‌ತ್ಸೆಯು ಬಹಳ ಇಳಿದು ಮರಳದಿಬ್ಬಗಳು ತೋರುತ್ತಿದ್ದವು. ಅಂತಹುದೊಂದು ದಿಬ್ಬವೇ, ಶಾನ್‌ಹುಬಾ ಎಂಬುದು, ಯುದ್ಧಕಾಲದಲ್ಲಿ ವಿಮಾನ ಇಳಿಯುವ ನೆಲವಾಗಿದ್ದಿತು. ರಾಯಭಾರಿಯಾಗಲಿ ಸೇನಾಪತಿಯಾಗಲಿ ನಡುಹೊಳೆಯಲ್ಲಿ ಇಳಿದು ನೂರಾರು ಮೆಟ್ಟಿಲುಗಳನ್ನು ಹತ್ತಿ, ಇಲ್ಲವೆ ಡೋಲಿಯಲ್ಲಿ ಕುಳಿತು, ಊರನ್ನು ಸೇರುತ್ತಿದ್ದರು. ಮಳೆಗಾಲದ ನೆರೆಯಲ್ಲಿ ಆ ನಿಲ್ದಾಣವು ಮುಳುಗಿ ಹೋಗುತ್ತಿದ್ದಿತು. ಈಗ ಸುಮಾರು ೬೦೦ ಕಿಲೋಮೀಟರು ಕೆಳಗೆ ಮೂರು ಕಣಿವೆಗಳ ಅಣೆಕಟ್ಟು ಆಗಿದೆ. ಬೇಸಗೆಯ ನೆರೆಗೆ ಸ್ಥಳಮಾಡಲು ಜಲಾಶಯವನ್ನು ೧೪೫ ಮೀಟರಿನ ಮಟ್ಟಕ್ಕೆ ಇಳಿಸಿ, ಚಳಿಗಾಲದಲ್ಲಿ ೧೭೫ ಮೀಟರಿಗೆ ತುಂಬಿಸುವರು. ೧೭೫ ಮೀಟರು ಮೊದಲು ತುಂಬಿದ್ದು ೨೦೧೦ರ ಅಕ್ಟೋಬರಿನಲ್ಲಿ. ಹಿನ್ನೀರು ಚೊಂಗ್‌ಚಿಂಗಿನವರೆಗೂ ಬರುವುದರಿಂದ ಹೊಳೆಯ ಋತುಮಾನವೇ ತಲೆಕೆಳಗಾಗಿದೆ. ಇಲ್ಲಿಂದ ಕೆಳಗೆ ಫೂಲಿಂಗ್ ಎಂಬಲ್ಲಿ ನಡುಹೊಳೆಯ ಬಂಡೆಯೊಂದಿದೆ. ೭೬೩ರಿಂದೀಚೆಗೆ ನೀರು ಅತಿಯಾಗಿ ಇಳಿದ ವರ್ಷಗಳಲ್ಲಿ ಅದು ತೋರಿದಾಗಲೆಲ್ಲ ನೀರಿನ ಮಟ್ಟವನ್ನು ಅದರ ಮೇಲೆ ಕೆತ್ತುತ್ತ ಬಂದರು. ಕೆತ್ತಿದ ಮೀನುಗಳೇ ಅಳತೆಯ ಗುರುತು. ಸಾವಿರದ ಇನ್ನೂರು ವರ್ಷಗಳ ಈ ಕಡತವು ಅಣೆಕಟ್ಟಿನ ದೆಸೆಯಿಂದ ಶಾಶ್ವತವಾಗಿ ಮುಳುಗಿತು. ಅದರ ಸುತ್ತ ನೀರೊಳಗೆ ಗೋಡೆಕಟ್ಟಿ, ಸುಮಾರು ೪೦ ಮೀಟರು ಆಳಕ್ಕೆ ಜನರು ಇಳಿದು ಗಾಜಿನ ಕಿಂಡಿಗಳಲ್ಲಿ ನೋಡುವಂತೆ, ೨೦೦೯ರಲ್ಲಿ ವಸ್ತುಸಂಗ್ರಹಾಲಯವನ್ನು ತೆರೆದರು. ಮುಳುಗಿಸಿದುದಕ್ಕೆ ಇದು ಪರಿಹಾರವಾಯಿತೆಂದು ನಾವು ಒಪ್ಪಲಾರೆವು. ಮುಳುಗಿಸಿ ಮರೆತುಬಿಡುವುದಕ್ಕಿಂತ ಉತ್ತಮವೆಂಬುದನ್ನು ಒಪ್ಪುವೆವು.

ಊರ ನಡುವೆ ಸುಮಾರು ೨೭ ಮೀಟರಿನ ಗೋಪುರವೊಂದಿದೆ. ಯುದ್ಧಕಾಲದಲ್ಲಿ ಅಲ್ಲಿ ಜನರ ಧೈರ್ಯಕ್ಕಾಗಿ ಮರದ ಕಂಬವನ್ನು ನಿಲ್ಲಿಸಿದ್ದರು. ಗೆದ್ದ ಮೇಲೆ, ೧೯೪೬-೪೭ರಲ್ಲಿ, ಆ ಜಾಗದಲ್ಲಿ ಜಪಾನಿನ ಮೇಲಿನ ಜಯದ ಸ್ಮಾರಕವನ್ನು ಕಟ್ಟಿದರು. ೧೯೪೯ರಲ್ಲಿ ಸರ್ಕಾರವು ಬದಲಾಯಿತು. ೧೯೫೦ರಲ್ಲಿ ಕಲ್ಲು ಹಾಗೆಯೇ ಇದ್ದು ಹೆಸರು ಮಾತ್ರ ಜನವಿಮೋಚನೆಯ ಸ್ಮಾರಕವೆಂದಾಯಿತು. ಚಿಯಾಂಗರ ಸರ್ಕಾರದ ಕಾಲದ ಹೋರಾಟವೆಂಬ ಕಾರಣದಿಂದ ಬಾಂಬಿನಲ್ಲಿ ಸತ್ತವರ ಮಾತೂ ದಶಕಗಳ ಕಾಲ ಹಿಂದೆ ಬಿದ್ದಿತು. ೧೯೮೦ರ ದಶಕದಿಂದೀಚೆಗೆ ಅದು ತಿರುಗಿ ಕೇಳಿಬರುತ್ತಿದೆ. ಈಗ ಪ್ರತಿವರ್ಷವೂ ಜೂನ್ ೫ರಂದು ಊರಿನಲ್ಲೆಲ್ಲ ಧಾಳಿಯ ಎಚ್ಚರಿಕೆಯ ಕಹಳೆಯನ್ನು ಊದುವರು.

ಮೂರು ಕಣಿವೆಗಳ ಕಡೆಗೆ ಹಡಗಿನಲ್ಲಿ ಹೋಗಬಯಸುವವರು ಚಳಿಗಾಲದಲ್ಲಿ ಹೊರಡುವ ವೇಳೆಯನ್ನು ಬಹಳ ನಂಬಬಾರದು. ಮಂಜು ದಟ್ಟವಾದರೆ ಅಧಿಕಾರಿಗಳು ಸಂಚಾರವನ್ನು ನಿಲ್ಲಿಸಿಬಿಡುವರು. ಹಡಗುಗಳು ಲಂಗರುಹಾಕಿ ಕಾಯುವುವು. ಸಾಮಾನ್ಯವಾಗಿ ಹತ್ತು ಹನ್ನೊಂದು ಗಂಟೆಯ ವೇಳೆಗೆ ಮೊದಲು ಸೇತುವೆಗಳ ಕಂಬಗಳು, ಆಮೇಲೆ ಎದುರುದಡದ ಮನೆಗಳು, ಕಡೆಗೆ ಗುಡ್ಡಗಳು ತೋರುವುವು. ಆಗ ಕೂಗು ಹಾಕಿ ಒಂದೊಂದಾಗಿ ಹೊರಡುವುವು.